ಧವಲಾದ 93ನೆಯ ಸೂತ್ರದ ‘ಸಂಜದ’ ಪಾಠ: ಶ್ರದ್ಧೆ ಮತ್ತು ಪ್ರಮಾಣ

ದಿಗಂಬರ ಜೈನ ಪರಂಪರೆಯಲ್ಲಿ ಷಟ್‌ಖಂಡಾಗಮಕ್ಕಿರುವ ಸ್ಥಾನ ವಿದ್ವಾಂಸರಿಗೆ ಸುವಿದಿತವಾದುದು. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಂದ ಶ್ರುತವನ್ನು ಪಡೆದ ಪುಷ್ಪದಂತ-ಭೂತಬಲಿಗಳು ಅದನ್ನು ಸೂತ್ರರೂಪಕ್ಕೆ ತಂದರೆಂಬುದು ಪರಂಪರೆ. ಮೊದಲ ಖಂಡವಾದ ಜೀವಸ್ಥಾನದ ಸತ್ಪ್ರರೂಪಣೆಯ 177 ಸೂತ್ರಗಳು ಪುಷ್ಪದಂತರವು. ದ್ರವ್ಯಪ್ರಮಾಣಾನುಗಮದಿಂದ ಮುಂದಿನ ಭಾಗ ಭೂತಬಲಿಗಳದು. ಇದಕ್ಕೆ ವೀರಸೇನಾಚಾರ್ಯರು ರಾಷ್ಟ್ರಕೂಟರ ಕಾಲದಲ್ಲಿ 72 ಸಾವಿರ ಗ್ರಂಥಪ್ರಮಾಣದ ಧವಲಾ ಟೀಕೆಯನ್ನು ರಚಿಸಿದರು. ಅದು ಮುಗಿದುದು ಕ್ರಿ.ಶ. 816ರಲ್ಲಿ ಎಂದು ಡಾ. ಹೀರಾಲಾಲ ಜೈನರ ನಿರ್ಣಯ.

ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಮೂರಕ್ಷರದ ಪದ ಇದೆಯೇ ಇಲ್ಲವೇ ಎಂಬುದು 20ನೆಯ ಶತಮಾನದ ನಡುಭಾಗದಲ್ಲಿ ಜೈನ ವಿದ್ವತ್ಸಮಾಜವನ್ನು ಎರಡು ಪಕ್ಷವಾಗಿ ಒಡೆಯಿತು. ಮೇಲ್ನೋಟಕ್ಕೆ ಇದು ಪಾಠಾಂತರದ ಸಣ್ಣ ಪ್ರಶ್ನೆ. ಆದರೆ ಅದರ ಹಿಂದೆ ದಿಗಂಬರ ಆಮ್ನಾಯದ ಒಂದು ಮೂಲಸಿದ್ಧಾಂತವಿತ್ತು. ನಂಬಿದ ತತ್ತ್ವಕ್ಕೆ ವಿರುದ್ಧವಾಗಿ ತೋರುವ ಸಾಕ್ಷ್ಯವು ಎದುರಿಗೆ ಬಂದಾಗ ಸಂಪಾದಕನ ಧರ್ಮವೇನು ಎಂಬ ಪ್ರಶ್ನೆಗೆ ಈ ಪ್ರಕರಣದಷ್ಟು ಸ್ಪಷ್ಟವಾದ ನಿದರ್ಶನ ನಮ್ಮ ಹಸ್ತಪ್ರತಿಗಳ ಇತಿಹಾಸದಲ್ಲಿ ವಿರಳ.

ಓಲೆಗರಿಗಳ ವೃತ್ತಾಂತ

ಧವಲಾದ ಪ್ರಾಚೀನ ತಾಡಪತ್ರ ಪ್ರತಿಗಳು ಉಳಿದುಬಂದುದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಇವುಗಳ ಲಿಪಿ ಹಳಗನ್ನಡ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಒಂದು ಪ್ರತಿಯ ಪ್ರಶಸ್ತಿಯು, ಭುಜಬಲ ಗಂಗ ಪೆರ್ಮಾಡಿಯ ಅತ್ತೆಯಾದ ದೇಮಿಯಕ್ಕನು ಶ್ರುತಪಂಚಮೀ ನೋಂಪಿಯ ಉದ್ಯಾಪನೆಯಲ್ಲಿ ಅದನ್ನು ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳೆಂದು ತಿಳಿಸುತ್ತದೆ. ಇದರಿಂದ ಆ ಪ್ರತಿಯ ಕಾಲ 12ನೆಯ ಶತಮಾನದ ಆದಿಭಾಗವೆಂದು ಸಿದ್ಧವಾಗುತ್ತದೆ. ಮಹಾಬಂಧದ ಪ್ರತಿಯನ್ನು ಬರೆಯಿಸಿ ಮಾಘನಂದಿಗಳಿಗೆ ದಾನವಿತ್ತವಳು ಮಲ್ಲಿಕಬ್ಬೆ.

ಶತಮಾನಗಳವರೆಗೆ ಈ ಗ್ರಂಥಗಳು ದರ್ಶನದ ವಸ್ತುವಾಗಿದ್ದವೇ ಹೊರತು ಅಧ್ಯಯನದ ವಸ್ತುವಾಗಿರಲಿಲ್ಲ. ಯಾತ್ರಿಕರು ಬಂದು ಕೈಮುಗಿದು ಹೋಗುತ್ತಿದ್ದರು. ಸಿದ್ಧಾಂತರಹಸ್ಯದ ಅಧ್ಯಯನಕ್ಕೆ ಗೃಹಸ್ಥನು ಅಧಿಕಾರಿಯಲ್ಲವೆಂದು ವಸುನಂದಿ, ಆಶಾಧರ ಮುಂತಾದವರು ಶ್ರಾವಕಾಚಾರಗಳಲ್ಲಿ ಹೇಳಿರುವುದು ಈ ಸಂಕೋಚಕ್ಕೆ ಶಾಸ್ತ್ರಾಧಾರವಾಗಿತ್ತು. ಗರಿಗಳು ಜೀರ್ಣವಾಗುತ್ತಿದ್ದುದನ್ನು ಕಂಡು ಮುಂಬಯಿಯ ಸೇಠ್ ಮಾಣಿಕಚಂದ್, ಸೊಲ್ಲಾಪುರದ ಹೀರಾಚಂದ ನೇಮಚಂದ ಮೊದಲಾದವರು ಪ್ರತಿಲಿಪಿ ಮಾಡಿಸುವ ಪ್ರಯತ್ನಕ್ಕೆ ತೊಡಗಿದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಈ ಕಾರ್ಯವನ್ನು ಕೈಗೊಂಡರು. 1896ರ ಸುಮಾರಿಗೆ ಆರಂಭವಾದ ಕೆಲಸವು 1922ರವರೆಗೆ ನಡೆಯಿತು. ಪ್ರತಿಗಳು ಮೂಡುಬಿದಿರೆಯಿಂದ ಹೊರಹೋಗಬಾರದೆಂಬುದು ವ್ಯವಸ್ಥಾಪಕರ ಅಭಿಮತವಾಗಿತ್ತು. ಆದರೆ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದು ಸಹಾರನಪುರಕ್ಕೆ ಸೇರಿತು. ಅಲ್ಲಿ ಅದರಿಂದ ದೇವನಾಗರಿ ಪ್ರತಿ ಮಾಡಿದ ಸೀತಾರಾಮ ಶಾಸ್ತ್ರಿಗಳು ತಮ್ಮಲ್ಲಿಯೂ ಒಂದನ್ನು ಉಳಿಸಿಕೊಂಡರು. ಆರಾ, ಕಾರಂಜಾ, ಅಮರಾವತಿ ಮುಂತಾದೆಡೆಗಳ ಪ್ರತಿಗಳೆಲ್ಲ ಅದರ ಸಂತಾನವೇ.

ಈ ವಂಶಾವಳಿಯನ್ನು ಗಮನದಲ್ಲಿಡುವುದು ಅವಶ್ಯಕ. ಪ್ರತಿಗಳ ಸಂಖ್ಯೆ ಎಷ್ಟೇ ಇರಲಿ, ಅವೆಲ್ಲ ಒಂದೇ ಪ್ರತಿಯಿಂದ ಇಳಿದುಬಂದವಾದರೆ ಸಾಕ್ಷಿ ಒಂದೇ. ನಾಲ್ಕು ಭಂಡಾರಗಳ ಪ್ರತಿಗಳಲ್ಲಿ ಒಂದು ಪದವಿಲ್ಲವೆಂದರೆ ನಾಲ್ಕು ಸಾಕ್ಷಿಗಳು ಅದನ್ನು ನಿರಾಕರಿಸಿದಂತಾಗುವುದಿಲ್ಲ. ಒಬ್ಬ ಲಿಪಿಕಾರನ ಕೈಯಲ್ಲಿ ಅದು ಒಮ್ಮೆ ಬಿಟ್ಟುಹೋಗಿದ್ದರೂ ಸಾಕು.

ಸೂತ್ರ ಮತ್ತು ಸಂಪಾದಕರ ಊಹೆ

ಧವಲಾ ಸಹಿತವಾದ ಷಟ್‌ಖಂಡಾಗಮದ ಮೊದಲ ಸಂಪುಟವು ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಅಮರಾವತಿಯಿಂದ ಪ್ರಕಟವಾಯಿತು; 16 ಸಂಪುಟಗಳು 1959ರ ಹೊತ್ತಿಗೆ ಪೂರ್ಣಗೊಂಡವು. ಮೊದಲ ಸಂಪುಟದ ಕಾಲಕ್ಕೆ ಸಂಪಾದಕರಿಗೆ ಮೂಡುಬಿದಿರೆಯ ಓಲೆಗರಿ ಲಭ್ಯವಿರಲಿಲ್ಲ. ಮೇಲೆ ಹೇಳಿದ ಸಂತಾನಪ್ರತಿಗಳೇ ಆಧಾರ.

92 ಮತ್ತು 93ನೆಯ ಸೂತ್ರಗಳ ವಿಷಯ ಮನುಷ್ಯಿನಿಯರ ಪರ್ಯಾಪ್ತ-ಅಪರ್ಯಾಪ್ತ ಅವಸ್ಥೆಗಳು. ಮಿಥ್ಯಾದೃಷ್ಟಿ ಮತ್ತು ಸಾಸಾದನ ಗುಣಸ್ಥಾನಗಳಲ್ಲಿ ಅವರು ಎರಡೂ ಅವಸ್ಥೆಗಳಲ್ಲಿರಬಹುದೆಂದು ಮೊದಲನೆಯದು ಹೇಳುತ್ತದೆ. ಸಮ್ಯಗ್ಮಿಥ್ಯಾದೃಷ್ಟಿ, ಅಸಂಯತಸಮ್ಯಗ್ದೃಷ್ಟಿ, ಸಂಯತಾಸಂಯತ ಸ್ಥಾನಗಳಲ್ಲಿ ನಿಯಮದಿಂದ ಪರ್ಯಾಪ್ತರೇ ಎಂದು ಎರಡನೆಯದು. ಈ ಪಟ್ಟಿಯ ಕೊನೆಗೆ ‘ಸಂಜದ’ ಎಂದರೆ ಸಂಯತ ಎಂಬ ಪದವೂ ಇರಬೇಕೆಂದು ಸಂಪಾದಕರಿಗೆ ತೋರಿತು. ಪ್ರತಿಗಳಲ್ಲಿ ಇಲ್ಲದ ಪದವನ್ನು ಅವರು ಸೂತ್ರದೊಳಗೆ ಸೇರಿಸಲಿಲ್ಲ. ಅಡಿಟಿಪ್ಪಣಿಯಲ್ಲಿ ತಮ್ಮ ಊಹೆಯನ್ನು ಸೂಚಿಸಿದರು.

ಆ ಟಿಪ್ಪಣಿಯೇ ವಿವಾದಕ್ಕೆ ಬೀಜವಾಯಿತು. ಸಂಯತ ಗುಣಸ್ಥಾನವೆಂದರೆ ಮಹಾವ್ರತಿಯ ಸ್ಥಾನ. ಅದು ಮನುಷ್ಯಿನಿಗೆ ಉಂಟೆಂದರೆ ಸ್ತ್ರೀಮುಕ್ತಿಯನ್ನು ಒಪ್ಪಿದಂತಾಗುವುದೆಂಬುದು ಪ್ರತಿಪಕ್ಷದವರ ಆತಂಕ. ಶ್ವೇತಾಂಬರರೂ ಕರ್ನಾಟಕದಲ್ಲಿ ಪ್ರಬಲರಾಗಿದ್ದ ಯಾಪನೀಯರೂ ಒಪ್ಪಿದ ಈ ತತ್ತ್ವವನ್ನು ದಿಗಂಬರ ಆಮ್ನಾಯ ಒಪ್ಪುವುದಿಲ್ಲ. ಅಮೋಘವರ್ಷನ ಕಾಲದ ಯಾಪನೀಯ ವೈಯಾಕರಣ ಶಾಕಟಾಯನನು ಸ್ತ್ರೀನಿರ್ವಾಣವನ್ನು ಸಮರ್ಥಿಸಿ ಪ್ರಕರಣವನ್ನೇ ರಚಿಸಿದ್ದನೆಂಬುದನ್ನು ನೆನೆದರೆ ಪ್ರಶ್ನೆ ಎಷ್ಟು ಹಳೆಯದೆಂಬುದು ಮನದಟ್ಟಾಗುವುದು.

ಉಭಯಪಕ್ಷಗಳ ವಾದ

ಪ್ರತಿಪಕ್ಷದ ವಾದವನ್ನು ಕೇವಲ ಹಠವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪಂ. ಮಕ್ಖನಲಾಲ ಶಾಸ್ತ್ರಿಗಳೇ ಮೊದಲಾದವರು ಮುಂದಿಟ್ಟ ಯುಕ್ತಿಯಲ್ಲಿ ಸತ್ತ್ವವಿತ್ತು. ಪರ್ಯಾಪ್ತಿಯು ಶರೀರಕ್ಕೆ ಸಂಬಂಧಿಸಿದ್ದು. ಆದುದರಿಂದ ಪರ್ಯಾಪ್ತಿಯ ಪ್ರಕರಣದಲ್ಲಿ ಬಂದ ‘ಮನುಷ್ಯಿನಿ’ ಶಬ್ದಕ್ಕೆ ದ್ರವ್ಯಸ್ತ್ರೀ ಎಂದೇ ಅರ್ಥ. ದ್ರವ್ಯಸ್ತ್ರೀಗೆ ಐದು ಗುಣಸ್ಥಾನಗಳಿಗಿಂತ ಮೇಲೆ ಇಲ್ಲ. ಹೀಗಾಗಿ ‘ಸಂಜದ’ ಪದ ಇಲ್ಲಿರಲಾರದು ಎಂಬುದು ಅವರ ಸರಣಿ.

ಪಂ. ಫೂಲಚಂದ್ರ ಸಿದ್ಧಾಂತಶಾಸ್ತ್ರಿಗಳು ಮೊದಲಾದವರ ಪಕ್ಷಕ್ಕೆ ಗ್ರಂಥದೊಳಗಿನ ಪ್ರಮಾಣಗಳು ಬಲವಾಗಿದ್ದವು. ಒಂದನೆಯದು ಧವಲಾ ಟೀಕೆಯೇ. ಇದೇ ಸೂತ್ರವನ್ನು ವ್ಯಾಖ್ಯಾನಿಸುತ್ತ ವೀರಸೇನರು, ಈ ಆರ್ಷವಚನದಿಂದಲೇ ದ್ರವ್ಯಸ್ತ್ರೀಯರಿಗೆ ನಿರ್ವಾಣ ಸಿದ್ಧವಾಗುವುದಿಲ್ಲವೇ ಎಂಬ ಶಂಕೆಯನ್ನು ಎತ್ತುತ್ತಾರೆ. ವಸ್ತ್ರಧಾರಣೆಯಿರುವುದರಿಂದ ಅವರಿಗೆ ಸಂಯಮ ಸಂಭವಿಸದು ಎಂದು ಸಮಾಧಾನ ಹೇಳುತ್ತಾರೆ. ಹಾಗಾದರೆ ಹದಿನಾಲ್ಕು ಗುಣಸ್ಥಾನಗಳು ಹೇಗೆಂದರೆ, ಭಾವಸ್ತ್ರೀವೇದದಿಂದ ವಿಶಿಷ್ಟವಾದ ಮನುಷ್ಯಗತಿಯಲ್ಲಿ ಎಂದು ಉತ್ತರ. ಸೂತ್ರದಲ್ಲಿ ‘ಸಂಜದ’ ಪದವೇ ಇಲ್ಲದಿದ್ದರೆ ಈ ಶಂಕೆಗೆ ಅವಕಾಶವೆಲ್ಲಿ? ಸಂಯತಾಸಂಯತಕ್ಕೆ ನಿಲ್ಲುವ ಸೂತ್ರದಿಂದ ಯಾರೂ ನಿರ್ವಾಣವನ್ನು ಆಕ್ಷೇಪಿಸಲಾರರು.

ಎರಡನೆಯದು, ಮುಂದಿನ ಅನುಯೋಗದ್ವಾರಗಳು. ದ್ರವ್ಯಪ್ರಮಾಣಾದಿಗಳಲ್ಲಿ ಮನುಷ್ಯಿನಿಯರನ್ನು ಅಯೋಗಕೇವಲಿಯವರೆಗೂ ಎಣಿಸಲಾಗಿದೆ. 93ನೆಯ ಸೂತ್ರದಲ್ಲಿ ಮನುಷ್ಯಿನಿ ಎಂದರೆ ದ್ರವ್ಯಸ್ತ್ರೀ ಎಂದು ಒಪ್ಪಿದರೆ ಅಲ್ಲಿಯೂ ಅದೇ ಅರ್ಥ ಬಂದು, ಯಾವುದನ್ನು ತಪ್ಪಿಸಲು ಪದವನ್ನು ತೆಗೆಯುವರೋ ಅದೇ ದೋಷವು ಇನ್ನೂ ದೊಡ್ಡದಾಗಿ ತಲೆಯೆತ್ತುವುದು. ಸಿದ್ಧಾಂತದ ರಕ್ಷಣೆಯೂ ಭಾವಸ್ತ್ರೀ ಎಂಬ ವೀರಸೇನರ ಅರ್ಥದಿಂದಲೇ ಆಗಬೇಕಲ್ಲದೆ ಪದಲೋಪದಿಂದಲ್ಲ.

ಮೂರನೆಯದು ಲಿಪಿಕಾರಸ್ವಭಾವ. ‘ಸಂಜದಾಸಂಜದ’ ಎಂಬ ಪದದ ಬೆನ್ನಿಗೇ ‘ಸಂಜದ’ ಬರಬೇಕು. ಒಂದೇ ಅಕ್ಷರಸಮೂಹವು ಮೂರು ಬಾರಿ ಆವರ್ತಿಸುವೆಡೆಯಲ್ಲಿ ಕಣ್ಣು ಜಾರಿ ಒಂದು ಬಿಟ್ಟುಹೋಗುವುದು ಓಲೆಗರಿಗಳೊಡನೆ ಒಡನಾಡಿದವರಿಗೆಲ್ಲ ಅನುಭವವೇದ್ಯ. ಇಲ್ಲದ ಪದವನ್ನು ಸಿದ್ಧಾಂತಕ್ಕೆ ತೊಡಕಾಗುವಂತೆ ಸೇರಿಸಲು ಲಿಪಿಕಾರನಿಗೆ ಕಾರಣವಿಲ್ಲ.

ಮೂಡುಬಿದಿರೆಯ ಸಾಕ್ಷ್ಯ

ಕೊನೆಗೆ ನಿರ್ಣಯವು ಮೂಲಪ್ರತಿಯಿಂದಲೇ ಬರಬೇಕಾಗಿತ್ತು. ಬಸದಿಯ ಭಟ್ಟಾರಕರೂ ವ್ಯವಸ್ಥಾಪಕರೂ ಮುಂದಿನ ಸಂಪುಟಗಳ ಕಾಲಕ್ಕೆ ಉದಾರವಾಗಿ ಸಹಕರಿಸಿದುದರಿಂದ ತಾಡಪತ್ರದೊಡನೆ ಪಾಠವನ್ನು ಹೋಲಿಸಿ ನೋಡುವುದು ಸಾಧ್ಯವಾಯಿತು. ತಾಡಪತ್ರದಲ್ಲಿ ‘ಸಂಜದ’ ಪದ ಇತ್ತು. ಓಲೆಗರಿಯನ್ನು ಕಾಣದೆ, ಅರ್ಥಸಂಗತಿಯಿಂದ ಮಾತ್ರ ಸಂಪಾದಕರು ಊಹಿಸಿದ್ದ ಪಾಠವು ಸುಮಾರು ಎಂಟು ಶತಮಾನಗಳ ಹಿಂದಿನ ಗರಿಯಲ್ಲಿ ದೃಢಪಟ್ಟಿತು.

ಇಷ್ಟರಿಂದ ವಿವಾದ ಶಮನವಾಗಲಿಲ್ಲ. ಆಗಮಗಳನ್ನು ತಾಮ್ರಪತ್ರಗಳಲ್ಲಿ ಕೊರೆಯಿಸುವ ಕಾರ್ಯ ನಡೆಯುತ್ತಿದ್ದ ಕಾಲವದು. ಅಲ್ಲಿ ಈ ಪದವಿರಬೇಕೆ ಬೇಡವೆ ಎಂಬ ಪ್ರಶ್ನೆ ಮತ್ತೆ ಎದ್ದಿತು. ಕಾಗದದ ಮೇಲಿನ ತಪ್ಪನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು. ತಾಮ್ರದ ಮೇಲಿನದು ಯುಗಾಂತರಕ್ಕೂ ಪ್ರಮಾಣವಾಗಿ ನಿಲ್ಲುವುದೆಂಬ ಅರಿವು ಉಭಯಪಕ್ಷಗಳಿಗೂ ಇತ್ತು. ಸೊಲ್ಲಾಪುರದಿಂದ 1973ರಲ್ಲಿ ಬಂದ ಮೊದಲ ಸಂಪುಟದ ಪರಿಷ್ಕೃತ ಮುದ್ರಣದಲ್ಲಿ ‘ಸಂಜದ’ ಪದವು ಸೂತ್ರದ ಅಂಗವಾಗಿಯೇ ಸ್ಥಾನ ಪಡೆಯಿತು.

ಆಚಾರ್ಯರ ಮಾರ್ಗ

ಇಂತಹ ಸಂದರ್ಭದಲ್ಲಿ ನಡೆಯಬೇಕಾದ ದಾರಿಯನ್ನು ಪೂರ್ವಾಚಾರ್ಯರೇ ತೋರಿಸಿದ್ದಾರೆ. ಪರಂಪರೆಯಲ್ಲಿ ದಕ್ಷಿಣಪ್ರತಿಪತ್ತಿ, ಉತ್ತರಪ್ರತಿಪತ್ತಿ ಎಂಬ ಭಿನ್ನ ಉಪದೇಶಗಳು ಕಂಡಲ್ಲಿ ವೀರಸೇನರು ತಮಗೆ ಅನಿಷ್ಟವಾದುದನ್ನು ಮರೆಮಾಡಲಿಲ್ಲ. ನಿರ್ಣಯಿಸಲು ಕೇವಲಿ-ಶ್ರುತಕೇವಲಿಗಳಿಲ್ಲದ ಕಾಲದಲ್ಲಿ ಪಾಪಭೀರುಗಳು ಎರಡನ್ನೂ ಸಂಗ್ರಹಿಸಬೇಕೆಂಬುದು ಅವರ ನಿಲುವು. ಯುಕ್ತಿ ಸ್ಪಷ್ಟವಾಗಿದ್ದೆಡೆ ಅದನ್ನು ಕೈಬಿಟ್ಟವರೂ ಅಲ್ಲ. ಲೋಕವು ಮೃದಂಗದಂತೆ ವರ್ತುಲಾಕಾರವೆಂಬ ಮತವನ್ನು ಅವರು ಗಣಿತದಿಂದ ಪರೀಕ್ಷಿಸಿದರು. ಆ ಆಕಾರವನ್ನು ಖಂಡಗಳಾಗಿ ವಿಭಜಿಸಿ ಲೆಕ್ಕ ಹಾಕಿದಾಗ ಬಂದ ಘನಫಲ ಸುಮಾರು 164 ಘನರಜ್ಜು ಮಾತ್ರ. ಲೋಕದ ಪ್ರಮಾಣವಾದರೋ 343 ಘನರಜ್ಜು. ಆದುದರಿಂದ ಉತ್ತರ-ದಕ್ಷಿಣವಾಗಿ ಎಲ್ಲೆಡೆಯೂ ಏಳು ರಜ್ಜು ವಿಸ್ತಾರವಿರುವ ಲೋಕಾಕಾರವನ್ನು ಅವರು ಸ್ಥಾಪಿಸಿದರು. ಆಗಮಶ್ರದ್ಧೆಯೂ ಗಣಿತಪರೀಕ್ಷೆಯೂ ಒಬ್ಬರೇ ಆಚಾರ್ಯರಲ್ಲಿ ಕೂಡಿದ್ದವು.

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಶ್ರದ್ಧೆಯ ಮರ್ಯಾದೆಯನ್ನೇ ನಿರೂಪಿಸಿದ್ದಾರೆ. ಸಮ್ಯಗ್ದೃಷ್ಟಿಯು ತಿಳಿಯದೆ, ಗುರುವಿನ ಮಾತಿನ ಮೇಲಣ ವಿಶ್ವಾಸದಿಂದ ಅಸತ್ಯವನ್ನು ನಂಬಿದರೂ ಸಮ್ಯಗ್ದೃಷ್ಟಿಯೇ. ಆದರೆ ಸೂತ್ರದಿಂದ ಸರಿಯಾಗಿ ತೋರಿಸಿಕೊಟ್ಟ ಮೇಲೂ ಅವನು ಅದನ್ನು ಒಪ್ಪದಿದ್ದರೆ ಆ ಕ್ಷಣದಿಂದಲೇ ಮಿಥ್ಯಾದೃಷ್ಟಿಯಾಗುತ್ತಾನೆ. ಇದರಂತೆ, 1939ರಲ್ಲಿ ‘ಸಂಜದ’ ಪದವನ್ನು ನಿರಾಕರಿಸಿದವರ ಶ್ರದ್ಧೆಗೆ ಕುಂದಿಲ್ಲ. ಅವರ ಮುಂದಿದ್ದ ಪ್ರತಿಗಳಲ್ಲಿ ಪದವಿರಲಿಲ್ಲ. ಓಲೆಗರಿಯು ಕಣ್ಣೆದುರಿಗೆ ಬಂದ ಮೇಲೆ ಪ್ರಶ್ನೆಯ ಸ್ವರೂಪವೇ ಬೇರೆಯಾಯಿತು.

ಇಲ್ಲಿ ಎರಡು ವಿಷಯಗಳನ್ನು ಪ್ರತ್ಯೇಕಿಸಬೇಕು. ಪುಷ್ಪದಂತರು ಬರೆದ ಶಬ್ದ ಯಾವುದು ಎಂಬುದು ಪ್ರತಿಗಳ ಪರೀಕ್ಷೆಯಿಂದ ತಿಳಿಯತಕ್ಕುದು. ಅಲ್ಲಿ ಲಿಪಿ, ಗರಿ, ವಂಶಾವಳಿಗಳೇ ಪ್ರಮಾಣ. ಆ ಶಬ್ದದ ತಾತ್ಪರ್ಯವೇನು ಎಂಬುದು ಟೀಕೆ, ಆಮ್ನಾಯ, ಯುಕ್ತಿಗಳಿಂದ ತಿಳಿಯತಕ್ಕುದು. ಎರಡನೆಯದರ ಭಯದಿಂದ ಮೊದಲನೆಯದನ್ನು ತಿದ್ದಹೊರಟುದೇ ಈ ವಿವಾದದ ಮೂಲದೋಷ. ‘ಸಂಜದ’ ಪಾಠವು ಸಿದ್ಧವಾದ ಮಾತ್ರಕ್ಕೆ ಸ್ತ್ರೀಮುಕ್ತಿಯ ಪ್ರಶ್ನೆ ಇತ್ಯರ್ಥವಾಗಲಿಲ್ಲ. ಅದು ಒಂಬತ್ತನೆಯ ಶತಮಾನದಲ್ಲಿ ಎಲ್ಲಿತ್ತೋ ಅಲ್ಲಿಯೇ, ದ್ರವ್ಯ-ಭಾವಗಳ ವಿಚಾರದಲ್ಲಿಯೇ ಇದೆ.

ಸ್ತ್ರೀಯ ಅಧಿಕಾರವನ್ನು ಕುರಿತ ಈ ಸೂತ್ರವನ್ನು ಕಾಪಾಡಿದವರಲ್ಲಿ ದೇಮಿಯಕ್ಕನಂತಹ ಶ್ರಾವಕಿಯರೂ ಇದ್ದರೆಂಬುದು ಸ್ಮರಣಾರ್ಹ. ಅವರು ಗರಿಯನ್ನು ಬರೆಯಿಸಿದುದು ಶ್ರದ್ಧೆಯಿಂದ. ಆ ಶ್ರದ್ಧೆಯಿಂದ ಉಳಿದ ಗರಿಯೇ ಮುಂದೆ ವಿದ್ವಾಂಸರಿಗೆ ಪ್ರಮಾಣವಾಯಿತು. ಇಂದಿಗೂ ನಮ್ಮ ಭಂಡಾರಗಳಲ್ಲಿ ಮೂಲದೊಡನೆ ಹೋಲಿಸದೆ ಮುದ್ರಿತವಾದ ಗ್ರಂಥಗಳಿವೆ. ಅವುಗಳನ್ನು ತಾಡಪತ್ರಗಳೊಡನೆ ಸಾಲುಸಾಲಾಗಿ ಹೋಲಿಸಿ, ಕಂಡ ಪಾಠವನ್ನು ಕಂಡಂತೆ ದಾಖಲಿಸುವುದು ಶ್ರುತಸೇವೆಯೇ ಆಗಿದೆ.