ಪೇಟೆಯ ಸುದ್ದಿ ಯಾರ ಕೈಯಲ್ಲಿ: ತುಂಗಭದ್ರೆಯ ದಡದ ಸಣ್ಣ ವ್ಯಾಪಾರದ ಚರಿತ್ರೆ

ಯಾವ ಸರಕಿಗೆ ಎಲ್ಲಿ ಗಿರಾಕಿ ಇದ್ದಾನೆ, ಇಂದಿನ ಧಾರಣೆ ಎಷ್ಟು, ನಾಳೆ ಅದು ಏರುವುದೋ ಇಳಿಯುವುದೋ, ಉದ್ರಿ ಕೊಟ್ಟರೆ ಹಣ ಮರಳಿ ಬರುವುದೋ ಇಲ್ಲವೋ ಎಂಬುದನ್ನು ಸರಕು ಕೊಳ್ಳುವ ಮೊದಲೇ ವಿಚಾರಿಸಿ ತಿಳಿಯುವ ಕೆಲಸಕ್ಕೆ ಇಂದಿನ ವಾಣಿಜ್ಯಶಾಸ್ತ್ರ ಮಾರುಕಟ್ಟೆ ಸಮೀಕ್ಷೆ ಎಂಬ ಹೆಸರನ್ನಿಟ್ಟಿದೆ. ಆ ತಿಳಿವಳಿಕೆಯನ್ನು ತಂದುಕೊಡುವ ಪರಿಚಯಸ್ಥರ ಬಳಗವನ್ನು ಸಂಪರ್ಕಜಾಲವೆಂದು ಕರೆಯುತ್ತದೆ. ಹೆಸರುಗಳು ಹೊಸವಾದರೂ ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿ ಈ ಎರಡೂ ಕೆಲಸಗಳಿಗೆ ಶತಮಾನಗಳ ಚರಿತ್ರೆಯಿದೆ. ಈ ಸೀಮೆಯ ವ್ಯಾಪಾರವನ್ನು ಅರಸರ ಸಂಪತ್ತಿನ ಕಥೆಯಾಗಿ, ರತ್ನ ಮುತ್ತುಗಳನ್ನು ಬೀದಿಯಲ್ಲಿಟ್ಟು ಮಾರಿದ ವೈಭವದ ಕಥೆಯಾಗಿ ಬರೆಯುವುದು ರೂಢಿ. ಆದರೆ ಪೇಟೆಯ ಸುದ್ದಿ ಯಾವ ಕಾಲದಲ್ಲಿ ಯಾರ ಕೈಯಲ್ಲಿತ್ತು ಎಂದು ವಿಚಾರಿಸಿದರೆ, ಬುಟ್ಟಿ ಹೊತ್ತು ಮಾರುವವರ, ಹೇರು ಹೊಡೆಯುವವರ, ಸೂಜಿ ಹಿಡಿದು ದುಡಿಯುವವರ ಚರಿತ್ರೆ ಮುಂದೆ ಬರುತ್ತದೆ.

ವಿಜಯನಗರ ಹುಟ್ಟುವ ಮೊದಲೇ ಕನ್ನಡ ನಾಡಿನ ವರ್ತಕರು ಸುದ್ದಿ ಮತ್ತು ನಂಬಿಕೆಗಳನ್ನು ಒಟ್ಟಿಗೆ ಸಾಗಿಸುವ ಸಂಘಟನೆಗಳನ್ನು ಕಟ್ಟಿಕೊಂಡಿದ್ದರು. ಇಂದಿನ ಐಹೊಳೆಯಾದ ಅಯ್ಯಾವೊಳೆಯ ಹೆಸರನ್ನು ಹೊತ್ತ ಐನೂರ್ವರು, ಹಲವು ದೇಶಗಳಲ್ಲಿ ತಿರುಗುವ ವರ್ತಕರೆಂಬ ಅರ್ಥದ ನಾನಾದೇಶಿಗಳು, ಊರೂರಿನ ಪಟ್ಟಣಸ್ವಾಮಿಗಳು, ಅಂದರೆ ಪೇಟೆಯ ಮುಖ್ಯಸ್ಥರಾದ ಸೆಟ್ಟಿಗಳು, ವೀರಬಣಂಜು ಧರ್ಮವೆಂಬ ವರ್ತಕರ ನಡವಳಿಕೆಯ ಕಟ್ಟಳೆಗೆ ಒಳಪಟ್ಟಿದ್ದರು. ಗುರುತಿಲ್ಲದ ಊರಿಗೆ ಹೋದ ವರ್ತಕನಿಗೆ ಆ ಕಟ್ಟಳೆಯೇ ಗುರುತಾಗಿತ್ತು. ಸಂಘದವನೆಂದು ತಿಳಿದ ಮೇಲೆ ಅಲ್ಲಿ ಅವನಿಗೆ ತಂಗುವ ಠಾವೂ ಅಲ್ಲಿನ ಧಾರಣೆಯೂ ಸಿಗುತ್ತಿದ್ದವು. ಈ ಜಾಲದ ಹರವನ್ನು 1382ರ ಬೇಲೂರಿನ ಶಾಸನವೊಂದು ತೋರಿಸುತ್ತದೆ. ವಿಜಯನಗರ, ದೋರಸಮುದ್ರ, ಪೆನುಗೊಂಡೆ, ಆದವಾನಿ, ಮಂಗಳೂರು, ಬಾರಕೂರು ಮೊದಲಾದ ಅನೇಕ ಪಟ್ಟಣಗಳ ವರ್ತಕರು ಒಂದಾಗಿ ಮುದ್ದಯ್ಯ ದಣ್ಣಾಯಕನಿಗೆ ಪೃಥ್ವೀಸೆಟ್ಟಿತನವನ್ನು, ಎಂದರೆ ಸಮಸ್ತ ವರ್ತಕರ ಮೇಲಿನ ಹಿರಿತನವನ್ನು ಕೊಟ್ಟರೆಂದು ಅದು ಹೇಳುತ್ತದೆ. ಕರಾವಳಿಯ ಬಂದರು, ಘಟ್ಟದ ಮೇಲಿನ ಪೇಟೆ, ಬಯಲುಸೀಮೆಯ ರಾಜಧಾನಿ ಈ ಮೂರರ ವರ್ತಕರೂ ಒಂದೇ ನಿರ್ಣಯಕ್ಕೆ ಬರಬಲ್ಲಷ್ಟು ಅವರ ನಡುವೆ ಮಾತುಕತೆ ನಡೆದಿತ್ತೆಂಬುದೇ ಈ ಶಾಸನದ ದೊಡ್ಡ ಸಾಕ್ಷ್ಯ. ಆದರೆ ಈ ಜಾಲ ಸೆಟ್ಟಿಗಳದು. ತಲೆಹೊರೆಯ ಮಾರಾಟಗಾರ ಅದರ ಅಂಚಿನಲ್ಲಿದ್ದನು ಎಂಬುದನ್ನು ಮರೆಯುವಂತಿಲ್ಲ.

ರಾಜಧಾನಿಯ ಪೇಟೆಗಳು ಹೇಗಿದ್ದವೆಂಬುದಕ್ಕೆ ಹಂಪಿಯ ಕಲ್ಲಿನ ಸಾಲುಮಂಟಪಗಳೂ ವಿದೇಶಿಯರ ಬರಹಗಳೂ ಸೇರಿ ಉತ್ತರ ಕೊಡುತ್ತವೆ. ವಿರೂಪಾಕ್ಷ, ಕೃಷ್ಣ, ಅಚ್ಯುತರಾಯ, ವಿಠ್ಠಲ ದೇವಾಲಯಗಳ ಎದುರಿನ ರಥಬೀದಿಗಳೇ ಬಜಾರುಗಳಾಗಿದ್ದವು. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಒಂದೊಂದು ಕಸುಬಿನವರ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡಿದ್ದುದನ್ನು ಗಮನಿಸಿ ಬರೆದಿದ್ದಾನೆ. ಒಂದೇ ಸರಕಿನ ಅಂಗಡಿಗಳು ಒಂದೇ ಸಾಲಿನಲ್ಲಿದ್ದರೆ ಕೊಳ್ಳುವವನು ಹತ್ತು ಹೆಜ್ಜೆ ನಡೆದು ಹತ್ತು ಬೆಲೆ ಕೇಳಬಲ್ಲನು, ಮಾರುವವನು ನೆರೆಯವನ ಬೆಲೆಯನ್ನು ಕೂತಲ್ಲಿಯೇ ಕೇಳಿಸಿಕೊಳ್ಳಬಲ್ಲನು. ಬೀದಿಯ ರಚನೆಯೇ ಧಾರಣೆಯನ್ನು ಬಯಲಿಗಿಡುತ್ತಿತ್ತು. ಸುಮಾರು 1520ರಲ್ಲಿ ಇಲ್ಲಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇನ್ನೂ ಎರಡು ಸಂಗತಿಗಳನ್ನು ಕಂಡನು. ಪ್ರತಿ ಬೀದಿಯಲ್ಲಿಯೂ ಕಸುಬಿನವರ ಮತ್ತು ವರ್ತಕರ ಕೂಟಗಳಿಗೆ ಸೇರಿದ ಗುಡಿಗಳಿದ್ದವು, ಮತ್ತು ಒಂದು ಬೀದಿಯಲ್ಲಿ ದಿನವೂ ಸಂಜೆ ಸಂತೆ ಕೂಡಿ ಸಾಧಾರಣ ಕುದುರೆಗಳು, ತಟ್ಟುಗಳು, ಬಟ್ಟೆಗಳು, ನಿಂಬೆ, ಕಿತ್ತಳೆ, ದ್ರಾಕ್ಷಿಗಳು ಮಾರಾಟವಾಗುತ್ತಿದ್ದವು. ಕಸುಬಿನವರು ಸೇರುವ ಗುಡಿಯ ಅಂಗಳ ಭಕ್ತಿಗೆ ಮಾತ್ರವಲ್ಲದೆ ಆ ಕಸುಬಿನ ಸುದ್ದಿಗೂ ಠಾವಾಗಿದ್ದಿರಬೇಕೆಂದು ಊಹಿಸುವುದು ತಪ್ಪಾಗಲಾರದು.

ಪಾಯಸನ ಬರಹದಲ್ಲಿ ಹೆಚ್ಚಿನವರು ಗಮನಿಸದೆ ದಾಟಿಹೋಗುವ ಒಂದು ವಿವರವಿದೆ: ನಗರದೊಳಗೆ ಒಂದು ಸಣ್ಣ ನಾಣ್ಯಕ್ಕೆ 3 ಕೋಳಿ ಸಿಕ್ಕರೆ ನಗರದ ಹೊರಗೆ ಅದೇ ನಾಣ್ಯಕ್ಕೆ 4 ಸಿಗುತ್ತಿದ್ದವು. ಇದು ಗಮನಿಸಬೇಕಾದ ವಿವರ, ಏಕೆಂದರೆ ಹಳ್ಳಿಯಿಂದ ಕೋಳಿ, ತರಕಾರಿ, ಹಣ್ಣು ಹೊತ್ತು ತರುವ ಸಣ್ಣ ವ್ಯಾಪಾರಿಯ ಬದುಕು ಹೊರಗಿನ ಬೆಲೆಗೂ ಒಳಗಿನ ಬೆಲೆಗೂ ನಡುವಿನ ಆ ಒಂದು ಕೋಳಿಯಲ್ಲಿಯೇ ಅಡಗಿತ್ತು. ಆ ಅಂತರದ ಮೇಲೆ ಕೈಹಾಕಿದವರು ಸುಂಕದ ಗುತ್ತಿಗೆದಾರರು. ಸುಮಾರು 1535ರಲ್ಲಿ ಬರೆದ ಫರ್ನಾವೊ ನ್ಯೂನಿಜನು, ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರದ ಮಾರ್ಗದಲ್ಲಿ, ಎಂದರೆ ಈಗಿನ ಹೊಸಪೇಟೆಯ ಕಡೆಯಲ್ಲಿದ್ದ ಬಾಗಿಲೊಂದನ್ನು ವರ್ಷಕ್ಕೆ 12,000 ಪಗೋಡಗಳಿಗೆ, ಎಂದರೆ ವರಾಹಗಳಿಗೆ, ಗುತ್ತಿಗೆ ಕೊಡುತ್ತಿದ್ದರೆಂದೂ ಗುತ್ತಿಗೆದಾರರು ಕೇಳಿದಷ್ಟನ್ನು ಕೊಡದೆ ಸ್ಥಳೀಯನಾಗಲಿ ಪರದೇಶಿಯಾಗಲಿ ಒಳಹೋಗುವಂತಿರಲಿಲ್ಲವೆಂದೂ ಹೇಳುತ್ತಾನೆ. ದಿನವೂ 2,000 ಹೇರೆತ್ತುಗಳು ಈ ಬಾಗಿಲುಗಳಲ್ಲಿ ಬರುತ್ತಿದ್ದವು, ಕೋಡಿಲ್ಲದ ಬೋಳೆತ್ತುಗಳ ಹೊರತು ಉಳಿದವೆಲ್ಲ ಸುಂಕ ಕೊಡುತ್ತಿದ್ದವು. ಒಳಬರುವ ಪ್ರತಿ ಹೇರನ್ನೂ ಎಣಿಸುವವನಿಗೆ ಇಂದು ಪೇಟೆಗೆ ಜೋಳ ಎಷ್ಟು ಬಂತು, ಹತ್ತಿ ಎಷ್ಟು ಬಂತು ಎಂಬುದು ಉಳಿದವರಿಗಿಂತ ಮೊದಲು ತಿಳಿಯುತ್ತದೆ. ನಗರದ ಆವಕದ, ಅಂದರೆ ಒಳಬರುವ ಸರಕಿನ, ಪೂರ್ಣ ಲೆಕ್ಕ ಸುಂಕದ ಕಟ್ಟೆಯಲ್ಲಿತ್ತು, ಹೊರೆ ಹೊತ್ತವನಿಗೆ ತನ್ನ ಹೊರೆಯಷ್ಟೇ ಗೊತ್ತಿತ್ತು.

ವಿಜಯನಗರ ಸೋತ 1565ರ ಯುದ್ಧದ ನಂತರ ರಾಜಧಾನಿ ಬರಿದಾದಾಗ ಒಡೆದದ್ದು ಕಟ್ಟಡಗಳು ಮಾತ್ರವಲ್ಲ, ಈ ನಂಬಿಕೆಯ ಜಾಲವೂ ಒಡೆಯಿತು. 1567ರಲ್ಲಿ ಬಂದು ಏಳು ತಿಂಗಳು ಇಲ್ಲಿಯೇ ಉಳಿಯಬೇಕಾಗಿ ಬಂದ ವೆನಿಸಿನ ವರ್ತಕ ಸೀಸರ್ ಫ್ರೆಡರಿಕ್ ಅದರ ಒಂದು ಕಹಿ ನಿದರ್ಶನವನ್ನು ದಾಖಲಿಸಿದ್ದಾನೆ. ಪಾಳು ನಗರವನ್ನು ಮತ್ತೆ ನೆಲೆಗೊಳಿಸಲು ಯತ್ನಿಸಿದ ತಿರುಮಲರಾಯನು, ಯುದ್ಧದಲ್ಲಿ ಕಳೆದುಹೋದ ತನ್ನ ಮುದ್ರೆಯ ಕುದುರೆಗಳನ್ನು ತಂದರೂ ಕೇಳಿದ ಬೆಲೆ ಕೊಡುವೆನೆಂದು ಸಾರಿಸಿ, ನಂಬಿ ತಂದವರಿಂದ ಕುದುರೆಗಳನ್ನು ಪಡೆದು, ಹಣ ಕೊಡದೆ ಕಳುಹಿಸಿಬಿಟ್ಟನು. ಗೋವೆಯಿಂದ ಅರಬ್ಬೀ ಕುದುರೆ, ಮಕಮಲ್ಲು, ರೇಷ್ಮೆ, ಕೇಸರಿಗಳು ಬರುತ್ತಿದ್ದ, ಇಲ್ಲಿಂದ ರತ್ನಗಳೂ ವರಾಹಗಳೂ ಹೋಗುತ್ತಿದ್ದ ವ್ಯಾಪಾರಕ್ಕೆ ಇಂಥ ಒಂದು ಸುಳ್ಳು ಸುದ್ದಿಯ ಪೆಟ್ಟು ಸಣ್ಣದಲ್ಲ.

ದೊಡ್ಡ ಪೇಟೆ ಅಳಿದ ಮೇಲೂ ಸುದ್ದಿ ಸಾಗಿತು, ಆದರೆ ಹೊತ್ತವರು ಬೇರೆಯಾದರು. ಮುಂದಿನ ಮೂರು ಶತಮಾನಗಳಲ್ಲಿ ದಖ್ಖನಿನ ದಾರಿಗಳಲ್ಲಿ ಧಾನ್ಯ ಮತ್ತು ಉಪ್ಪನ್ನು ಹೇರೆತ್ತುಗಳ ಮೇಲೆ ಸಾಗಿಸಿದವರಲ್ಲಿ ಮುಖ್ಯರು ಲಂಬಾಣಿಗಳು, ಬಂಜಾರರೆಂದೂ ಹೆಸರಾದವರು. ನೂರಾರು ಎತ್ತುಗಳ ಸಾಲನ್ನು ಹೊಡೆದುಕೊಂಡು, ತಾಂಡಾದ ನಾಯಕನ ಮಾತಿನಂತೆ ನಡೆಯುತ್ತಿದ್ದ ಇವರು ಕರಾವಳಿಯ ಉಪ್ಪನ್ನು ಬಯಲಿಗೆ, ಬಯಲಿನ ಜೋಳವನ್ನು ಸೈನ್ಯದ ಬೀಡುಗಳಿಗೆ ತಲುಪಿಸುತ್ತಿದ್ದರು. ಪರಸ್ಪರ ಕಾದಾಡುವ ಸೈನ್ಯಗಳೆರಡೂ ಅವರನ್ನು ತಡೆಯದೆ ಬಿಡುತ್ತಿದ್ದವು, ಏಕೆಂದರೆ ಇಬ್ಬರಿಗೂ ಅವರು ಬೇಕಾಗಿದ್ದರು. ಎಲ್ಲಿ ಬರ ಬಿದ್ದಿದೆ, ಎಲ್ಲಿ ಬೆಳೆ ಮಿಕ್ಕಿದೆ, ಯಾವ ಘಾಟಿನ ಕಾವಲುಗಾರ ಎಷ್ಟು ಕೇಳುತ್ತಾನೆ ಎಂಬುದನ್ನು ನೂರಾರು ಹರದಾರಿಗಳ ಉದ್ದಕ್ಕೂ ಬಲ್ಲ, ಇವರಿಗೆ ಸರಿಸಾಟಿಯಾದ ಸಮುದಾಯ ಈ ಸೀಮೆಯಲ್ಲಿ ಇನ್ನೊಂದು ಇರಲಿಲ್ಲ. 1880ರ ದಶಕದಲ್ಲಿ ಬಳ್ಳಾರಿಯಿಂದ ಹೊಸಪೇಟೆಗೆ ರೈಲುಹಾದಿ ಬಂದಿತು. ಉಪ್ಪು, ಧಾನ್ಯ, ಹತ್ತಿಗಳು ಗೂಡ್ಸ್ ಗಾಡಿ ಏರಿದವು, ಅವುಗಳ ಬೆಲೆ ತಂತಿಯಲ್ಲಿ ಓಡಿತು. ಎತ್ತುಗಳ ಕಸುಬು ಕಳೆದುಕೊಂಡವರ ಮೇಲೆ, 1871ರಲ್ಲಿ ಮೊದಲು ಜಾರಿಯಾಗಿ ಮುಂದೆ ಬೇರೆ ಪ್ರಾಂತಗಳಿಗೂ ಹಬ್ಬಿದ ಕ್ರಿಮಿನಲ್ ಬುಡಕಟ್ಟುಗಳ ಕಾಯ್ದೆಯ ಕಳಂಕವೂ ಅನೇಕ ಕಡೆ ಬಿದ್ದಿತು. ಸಂಡೂರಿನ ಗುಡ್ಡಗಳ ನಡುವೆ ನೆಲೆನಿಂತ ತಾಂಡಾಗಳು ಕೂಲಿಗೂ ಒಕ್ಕಲುತನಕ್ಕೂ ಇಳಿದವು. ಸರಕಿನ ಜೊತೆ ಸುದ್ದಿಯನ್ನು ಹೊತ್ತು ತಿರುಗಿದವರು ಎರಡು ತಲೆಮಾರಿನೊಳಗೆ ಪೇಟೆಗೆ ಅಪರಿಚಿತರಾದದ್ದು ಈ ಸೀಮೆಯ ವ್ಯಾಪಾರ ಚರಿತ್ರೆಯ ಅತ್ಯಂತ ನೋವಿನ ಪಲ್ಲಟ, ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಅವರು ತೆರವು ಮಾಡಿದ ಜಾಗದಲ್ಲಿ ಬಲಗೊಂಡವರು ಅಡತಿ ಅಂಗಡಿಯವರು ಮತ್ತು ದಲ್ಲಾಳಿಗಳು. ರೈತನ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವವನು ಅಡತಿಯವನು, ಕೊಳ್ಳುವವನನ್ನೂ ಮಾರುವವನನ್ನೂ ಕೂಡಿಸುವವನು ದಲ್ಲಾಳಿ. ಟವೆಲಿನ ಮರೆಯಲ್ಲಿ ಇಬ್ಬರ ಕೈ ಸೇರಿಸಿ, ಹಿಡಿದ ಬೆರಳುಗಳ ಲೆಕ್ಕದಲ್ಲಿ ಬೆಲೆ ಕುದುರಿಸುವ ಪದ್ಧತಿ ಉತ್ತರ ಕರ್ನಾಟಕದ ದನದ ಸಂತೆಗಳಲ್ಲಿ ಇಂದಿಗೂ ಕಾಣುತ್ತದೆ; ಸುತ್ತ ನಿಂತ ಹತ್ತು ಜನಕ್ಕೆ ಧಾರಣೆ ತಿಳಿಯದಂತೆ ವ್ಯವಹಾರ ಮುಗಿಯುವುದೇ ಅದರ ಗುಣ. ಅಂಗಡಿ ಸಾಲು ಬಯಲಿಗಿಟ್ಟದ್ದನ್ನು ಟವೆಲು ಮುಚ್ಚಿಟ್ಟಿತು. ಕೃಷಿಯನ್ನು ಕುರಿತ ರಾಯಲ್ ಆಯೋಗ 1928ರ ವರದಿಯಲ್ಲಿ ನಿಯಂತ್ರಿತ ಮಾರುಕಟ್ಟೆಗಳನ್ನು, ಎಂದರೆ ತೂಕ, ಕಮಿಷನ್, ಹರಾಜುಗಳು ನಿಯಮಕ್ಕೆ ಒಳಪಟ್ಟ ಪೇಟೆಗಳನ್ನು ಶಿಫಾರಸು ಮಾಡಿತು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಗೆ 1933ರ ಮದರಾಸು ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾಯ್ದೆಯ ವ್ಯಾಪ್ತಿ ಇತ್ತು. ಜಿಲ್ಲೆ 1953ರಲ್ಲಿ ಮೈಸೂರಿಗೆ ಸೇರಿತು, ಇಡೀ ರಾಜ್ಯಕ್ಕೆ ಒಂದೇ ಆದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ 1966ರಲ್ಲಿ ಬಂದಿತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯೂ ಪತ್ರಿಕೆಗಳ ಪೇಟೆ ಧಾರಣೆಯ ಅಂಕಣವೂ ಮಾರುಕಟ್ಟೆಯ ಅಂಗಳದ ಬೆಲೆಯನ್ನು ಹೊಲದ ಬದುವಿಗೆ ತಂದವು. ಅದೇ ದಶಕದಲ್ಲಿ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳಲ್ಲಿ ನೀರು ಹರಿದು ಕಂಪ್ಲಿಯ ಸುತ್ತ ಭತ್ತವೂ ಹೊಸಪೇಟೆಯ ಸುತ್ತ ಕಬ್ಬು, ಬಾಳೆಗಳೂ ಹಬ್ಬಿದ್ದರಿಂದ ಆ ಬೆಲೆಯ ಮೇಲೆ ಬದುಕು ನಿಂತವರ ಸಂಖ್ಯೆಯೂ ಬೆಳೆಯಿತು.

ಹಂಪಿಯ ವ್ಯಾಪಾರ ಬೇರೆ ದಾರಿ ಹಿಡಿದದ್ದು 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ನಂತರ. ವಿರೂಪಾಕ್ಷ ಬಜಾರಿನ ಕಲ್ಲಿನ ಮಂಟಪಗಳಲ್ಲಿ ಮನೆ, ಮಳಿಗೆ, ಖಾನಾವಳಿಗಳನ್ನು ಹೂಡಿದ ಕುಟುಂಬಗಳು ಯಾವ ದೇಶದವನಿಗೆ ಯಾವ ತಿಂಡಿ, ಯಾವ ಬಟ್ಟೆ ಹಿಡಿಸುತ್ತದೆಂಬುದನ್ನು ಪ್ರವಾಸಿಗರ ಬಾಯಿಂದಲೇ ಕಲಿತವು. 2011ರ ಜುಲೈ ತಿಂಗಳಲ್ಲಿ ಆ ಮಳಿಗೆಗಳು ತೆರವಾದವು. ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿದ್ದರಿಂದ ಸಂಡೂರು ಹೊಸಪೇಟೆಗಳ ಹೆದ್ದಾರಿಯ ಉದ್ದಕ್ಕೂ ಲಾರಿಗಳನ್ನೇ ನಂಬಿದ್ದ ಪಂಕ್ಚರ್ ಅಂಗಡಿ, ಚಹದಂಗಡಿ, ಢಾಬಾಗಳು ಗಿರಾಕಿಯನ್ನು ಕಳೆದುಕೊಂಡವು. ಪರಂಪರೆಯ ರಕ್ಷಣೆಯೂ ಗಣಿಯ ಅಕ್ರಮದ ತಡೆಯೂ ಅಗತ್ಯವಾಗಿದ್ದವು. ಆದರೆ ಎರಡರ ಭಾರವನ್ನೂ ಹೊತ್ತವರು ಒಂದೇ ಬಗೆಯ ಗಿರಾಕಿಯನ್ನು ನೆಚ್ಚಿಕೊಂಡಿದ್ದ ಸಣ್ಣ ಅಂಗಡಿಯವರು.

ಸಂಡೂರಿನ ತಾಂಡಾಗಳ ಕಥೆ ಇಲ್ಲಿ ಮತ್ತೆ ಪೇಟೆಗೆ ಬಂದು ಸೇರುತ್ತದೆ. ಕನ್ನಡಿ ಚೂರು, ಕವಡೆ, ನಾಣ್ಯಗಳನ್ನು ಸೇರಿಸಿ ಹಲವು ಬಗೆಯ ಹೊಲಿಗೆಗಳಲ್ಲಿ ಮೂಡುವ ಲಂಬಾಣಿ ಕಸೂತಿ ಮೊದಲು ಮಾರಾಟದ ಸರಕಾಗಿರಲಿಲ್ಲ. ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ಕುಪ್ಪಸಗಳನ್ನು ಹೆಣ್ಣುಮಕ್ಕಳು ತಮಗಾಗಿ, ತಮ್ಮ ಮಗಳ ಮದುವೆಗಾಗಿ ಹೊಲಿದುಕೊಳ್ಳುತ್ತಿದ್ದರು. 1980ರ ದಶಕದಲ್ಲಿ ಹುಟ್ಟಿದ ಸಂಡೂರು ಕುಶಲ ಕಲಾ ಕೇಂದ್ರ ಆ ಹೊಲಿಗೆಯನ್ನು ಚೀಲ, ದಿಂಬಿನ ಹೊದಿಕೆ, ಕುರ್ತಾಗಳಿಗೆ ಇಳಿಸಿ ದೂರದ ನಗರಗಳಿಗೆ ತಲುಪಿಸಿತು. ಬೇರೆಯವರಿಗಾಗಿ ಹೊಲಿಯುವುದೆಂದರೆ ಕಾಣದ ಗಿರಾಕಿಯ ಅಭಿರುಚಿಯನ್ನು ತಿಳಿಯುವುದು. ಯಾವ ಬಣ್ಣ ಹೋಗುತ್ತದೆ, ಎಷ್ಟು ಕನ್ನಡಿ ಇಟ್ಟರೆ ಭಾರವಾಗುತ್ತದೆ, ಎಷ್ಟು ದಿನದ ಹೊಲಿಗೆಗೆ ಎಷ್ಟು ಬೆಲೆ ಹೇಳಬಹುದು ಎಂಬ ವಿಚಾರಣೆಯನ್ನು ಸಂಸ್ಥೆ ಅವರ ಪರವಾಗಿ ಮಾಡಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ, ಎಂದರೆ ಒಂದು ಊರಿನ ಹೆಸರನ್ನು ಅಲ್ಲಿಯ ವಸ್ತುವಿಗೆ ಮಾತ್ರ ಮೀಸಲಿಡುವ ಕಾನೂನಿನ ಮಾನ್ಯತೆಯೂ ದೊರೆತಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಕಾರ್ಯಪಡೆಯ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ಕಸೂತಿ ತುಂಡುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ನದಿಯಾಚೆಯ ಆನೆಗೊಂದಿಯಲ್ಲಿ ಕಿಷ್ಕಿಂದ ಟ್ರಸ್ಟ್ ಬಾಳೆಯ ದಿಂಡಿನ ನಾರಿನಿಂದ ಬುಟ್ಟಿ, ಚಾಪೆಗಳನ್ನು ಮಾಡಿಸುತ್ತಿರುವುದೂ ಇದೇ ಬಗೆಯ ಕೆಲಸ.

2014ರಿಂದ ಕರ್ನಾಟಕದ ಮಾರುಕಟ್ಟೆಗಳು ಒಂದೊಂದಾಗಿ ಏಕೀಕೃತ ಆನ್‌ಲೈನ್ ಹರಾಜಿಗೆ ಸೇರಿ, 2016ರ ನಂತರ ಡೇಟಾ ಅಗ್ಗವಾಗಿ, ವಾಟ್ಸಾಪ್, ಇನ್‌ಸ್ಟಾಗ್ರಾಂಗಳು ಕೈಗೆ ಬಂದ ಮೇಲೆ ಭತ್ತದ ಧಾರಣೆ ಕಂಪ್ಲಿಯ ರೈತನಿಗೆ ಮನೆಯಲ್ಲಿಯೇ ತಿಳಿಯುತ್ತದೆ. ಕಸೂತಿಗೆ ಅಂಥ ಹರಾಜಿನ ಪಟ್ಟಿಯಿಲ್ಲ. ಚೀಲದ ಚಿತ್ರವನ್ನು ಗುಂಪಿನಿಂದ ಗುಂಪಿಗೆ ಹಂಚಿ, ತಮ್ಮ ಲಾಭವನ್ನು ಸೇರಿಸಿ ಮಾರುವ ಮರುಮಾರಾಟಗಾರರು ಹುಟ್ಟಿಕೊಂಡಿದ್ದಾರೆ. ಗಿರಾಕಿ ಕೊಟ್ಟ ಬೆಲೆಯೂ ಆಡಿದ ಮಾತೂ ಅವರ ಫೋನಿನಲ್ಲಿ ಉಳಿಯುತ್ತವೆ, ಯಂತ್ರದಲ್ಲಿ ಅಚ್ಚಾದ ನಕಲೂ ಕೈಹೊಲಿಗೆಯೂ ಚಿತ್ರದಲ್ಲಿ ಒಂದೇ ಆಗಿ ಕಾಣುತ್ತವೆ. ಹಂಪಿ ಉತ್ಸವದಂಥ ಮೇಳಗಳ ಮಳಿಗೆಯಲ್ಲಿ ಹೊಲಿದವಳೇ ಕೂತಾಗ ಮಾತ್ರ ಕೊಳ್ಳುವವರು ಬಟ್ಟೆಯನ್ನು ತಿರುವಿ ಹಿಂಬದಿಯ ನೂಲನ್ನು ನೋಡುವುದು, ಬೆಲೆ ಏಕೆ ಹೆಚ್ಚೆಂದು ಕೇಳುವುದು, ಉತ್ತರ ಕೇಳಿ ಕೊಳ್ಳುವುದು ಅಥವಾ ಇಟ್ಟು ಹೋಗುವುದು ಅವಳ ಕಣ್ಣೆದುರು ನಡೆಯುತ್ತದೆ. ತಾಂಡಾದ ಕಿರಿಯ ಹೆಣ್ಣುಮಕ್ಕಳ ಕೈಯಲ್ಲಿ ಈಗ ಫೋನಿದೆ. ಮಾರಾಟದ ಖಾತೆ ಯಾರ ಹೆಸರಿನಲ್ಲಿ ತೆರೆಯಬೇಕು, ಗಿರಾಕಿಯ ಸಂದೇಶ ಮೊದಲು ಯಾರಿಗೆ ಬರಬೇಕು ಎಂಬುದು ಸಂಡೂರಿನಲ್ಲಿ ಇನ್ನೂ ತೀರ್ಮಾನವಾಗಬೇಕಾದ ವಿಷಯ.