ಗಣಕಯಂತ್ರದಲ್ಲಿ ರೇಫ, ಱಕಾರ, ೞಕಾರಗಳ ಇತಿಹಾಸವು

ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲೂಕುಗಳು ಈಗಿನ ಕಲಬುರಗಿ ಜಿಲ್ಲೆಗೆ ಸೇರಿದುವು. ಆಳಂದದ ಸೀಮೆಯಿಂದ ಇಳಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿಯಲ್ಲಿ ಭೀಮೆಯನ್ನು ಕೂಡುವುದು. ಆ ಭೀಮೆಯೇ ಮುಂದೆ ಜೇವರ್ಗಿಯ ಸೀಮೆಯನ್ನು ಮುಟ್ಟಿ ಹರಿಯುವುದು. ಚಾಲುಕ್ಯರ ಶಾಸನಗಳಲ್ಲಿ ಆಳಂದೆ ಸಾಸಿರವೆಂದು ಹೇಳಿರುವ ನಾಡು ಈ ಪ್ರಾಂತದ್ದೇ. ರಾಷ್ಟ್ರಕೂಟರ ಮಾನ್ಯಖೇಟವು ಇದೇ ಜಿಲ್ಲೆಯ ಸೇಡಂ ತಾಲೂಕಿನಲ್ಲಿರುವುದು. ಇಂತಹ ನೆಲದಲ್ಲಿ ಹಳಗನ್ನಡದ ಶಿಲಾಲೇಖಗಳು ಹೇರಳವಾಗಿರುವುದು ಸಹಜವಷ್ಟೆ. ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ. ಬಿ. ದೇಸಾಯಿಯವರು ಸಂಪಾದಿಸಿ 1958ರಲ್ಲಿ ಹೊರತಂದುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅಂದು ಕಲ್ಲಿನಿಂದ ಕಾಗದಕ್ಕೆ ಬಂದ ಶಾಸನಪಾಠಗಳು ಈಚಿನ ಮೂರು ದಶಕಗಳಲ್ಲಿ ಗಣಕಯಂತ್ರವನ್ನು ಸೇರುತ್ತಲಿವೆ. ಹೀಗೆ ಸೇರಿದ ಪಾಠವು ಸೇರಿದಂತೆಯೇ ಉಳಿಯುವುದೆ? ಉಳಿಯದಿದ್ದಲ್ಲಿ ದೋಷದ ಸ್ಥಾನವಾವುದು? ಅದನ್ನು ತಿದ್ದುವ ಅಧಿಕಾರವು ಯಾರದು? ಈ ಮೂರು ಪ್ರಶ್ನೆಗಳೇ ಪ್ರಕೃತ ಲೇಖನದ ವಿಷಯ.

ಈ ವಿಚಾರಕ್ಕೆ ನಮ್ಮನ್ನು ಪ್ರೇರಿಸಿದುದು ನಮಗೇ ಒದಗಿದ ಒಂದು ಕಷ್ಟ. ಈ ಮೂರು ತಾಲೂಕುಗಳ ಕೆಲವು ಶಾಸನಪಾಠಗಳನ್ನು ನಾವು ಹಿಂದೊಮ್ಮೆ ಗಣಕದಲ್ಲಿ ಬರೆಯಿಸಿ ಇಟ್ಟಿದ್ದೆವು. ಯಂತ್ರವು ಜೀರ್ಣವಾಗಲು, ನಮ್ಮ ವಿದ್ಯಾರ್ಥಿಯೊಬ್ಬನು ಅದರ ಡಿಸ್ಕನ್ನು ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿ, ಅದರಲ್ಲಿ ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸಿ, ಕಡತಗಳನ್ನು ತೆರೆದನು. ತೆರೆದರೆ ಕನ್ನಡವೇ ಇಲ್ಲ; ಪುಟಪುಟವೂ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪರಿವರ್ತಕ ತಂತ್ರಾಂಶವೊಂದರಿಂದ ಅವುಗಳನ್ನು ಕನ್ನಡಕ್ಕೆ ತಂದಾಗ ಅಕ್ಷರಗಳೇನೋ ಮೂಡಿದುವು. ಆದರೆ ‘ಜೇವರ್ಗಿ’ ಎಂಬುದು ‘ಜೇವಗಿರ್’ ಎಂದೂ, ‘ಧರ್ಮ್ಮ’ ಎಂಬುದು ‘ಧಮ್ಮರ್’ ಎಂದೂ ಆಗಿದ್ದುವು. ಕಾರಣವನ್ನು ತಿಳಿಯಲು ಕನ್ನಡಾಕ್ಷರವು ಯಂತ್ರವನ್ನು ಪ್ರವೇಶಿಸಿದ ಚರಿತ್ರೆಯನ್ನು ಸ್ವಲ್ಪ ನೋಡಬೇಕಾಗುವುದು.

ಯಂತ್ರವು ಅಕ್ಷರವನ್ನು ಅರಿಯದು, ಸಂಖ್ಯೆಯನ್ನು ಮಾತ್ರವೇ ಅರಿಯುವುದು. ಮೊದಲ ಕಾಲದ ಕನ್ನಡ ಫಾಂಟುಗಳಲ್ಲಿ ಅಕ್ಷರದ ತುಂಡುಗಳನ್ನು, ಎಂದರೆ ತಲಕಟ್ಟು, ಗುಡಿಸು, ಕೊಂಬು, ಒತ್ತು, ಅರ್ಕಾವತ್ತು ಮೊದಲಾದುವನ್ನು, ರೋಮನ್ ಅಕ್ಷರಗಳಿಗೆ ಮೀಸಲಾದ 256 ಸ್ಥಾನಗಳಲ್ಲಿ ಕೂರಿಸಿದ್ದರು. ಬರೆವವನು ಕಣ್ಣಿಗೆ ಕಾಣುವ ಕ್ರಮದಲ್ಲಿ ತುಂಡುಗಳನ್ನು ಜೋಡಿಸುತ್ತಿದ್ದನು. ಆ ಫಾಂಟು ಇರುವವರೆಗೆ ಕನ್ನಡ. ಅದು ಇಲ್ಲದ ಯಂತ್ರದಲ್ಲಿ ರೋಮನ್. ಇದಕ್ಕೆ ಭಿನ್ನವಾದ ಮಾರ್ಗವನ್ನು ಭಾರತ ಸರಕಾರದ ಇಸ್ಕಿ ಸಂಕೇತವು ಹಿಡಿಯಿತು. 1988ರಲ್ಲಿ ರೂಪುಗೊಂಡು 1991ರಲ್ಲಿ ರಾಷ್ಟ್ರೀಯ ಮಾನಕವಾದ ಈ ಸಂಕೇತದಲ್ಲಿ ಸಂಖ್ಯೆಯು ವರ್ಣಕ್ಕೆ ಸಲ್ಲುವುದೇ ಹೊರತು ಆಕಾರಕ್ಕಲ್ಲ. ಕ್ರಮವು ಉಚ್ಚಾರಣದ ಕ್ರಮ. ಜಗತ್ತಿನ ಲಿಪಿಗಳೆಲ್ಲಕ್ಕೂ ಉದ್ದೇಶಿಸಿದ ಯುನಿಕೋಡು 1991ರಲ್ಲಿ ಪ್ರಕಟವಾದಾಗ ಕನ್ನಡಕ್ಕೆ ಈ ತತ್ತ್ವವನ್ನೇ ಅನುಸರಿಸಿ 3200ರಿಂದ 3327ರವರೆಗೆ 128 ಸ್ಥಾನಗಳನ್ನು ಕೊಟ್ಟಿತು. ರಕಾರವು 3248, ಮಕಾರವು 3246, ಸ್ವರವನ್ನು ಕಳೆಯುವ ಹಲಂತಚಿಹ್ನವು 3277. ಆದುದರಿಂದ ‘ರ್ಮ್ಮ’ ಎಂಬುದು ರೇಫ, ಹಲಂತ, ಮಕಾರ, ಹಲಂತ, ಮಕಾರ ಎಂದು ಐದು ಸಂಖ್ಯೆಗಳಾಗಿ ನಿಲ್ಲುವುದು. ಶಿಕ್ಷಾಶಾಸ್ತ್ರವನ್ನು ಓದಿದವರಿಗೆ ಈ ವ್ಯವಸ್ಥೆಯು ಹೊಸದೆನಿಸದು. ಧ್ವನಿಯು ಮೊದಲು, ಲಿಪಿಯು ಆಮೇಲೆ.

ಆದರೆ ಕನ್ನಡದ ಬರಹದಲ್ಲಿ ರೇಫವು ಮೊದಲು ನುಡಿಯಲ್ಪಟ್ಟರೂ ಅರ್ಕಾವತ್ತಾಗಿ ಕೊನೆಯಲ್ಲಿ ಕುಳಿತುಕೊಳ್ಳುವುದಲ್ಲವೆ? ಹೀಗಾಗಿ ಸಂಖ್ಯೆಗಳ ಸಾಲಿಗೂ ಕಾಣುವ ರೂಪಕ್ಕೂ ನಡುವೆ ಒಬ್ಬ ಲಿಪಿಕಾರನು ಬೇಕು. ಈ ಲಿಪಿಕಾರನ ಕೆಲಸವನ್ನು ಮಾಡುವ ತಂತ್ರಾಂಶವೇ ಅಕ್ಷರಜೋಡಣೆಯ ಯಂತ್ರಾಂಗ. ಫಾಂಟು ಒತ್ತುಗಳ ಆಕಾರಗಳನ್ನೂ ಅವುಗಳ ನಿಯಮಗಳನ್ನೂ ಕೊಡುವುದು; ಯಂತ್ರಾಂಗವು ರೇಫವನ್ನು ಗುರುತಿಸಿ, ಸಂಯುಕ್ತಾಕ್ಷರದ ಕಡೆಗೆ ಸಾಗಿಸಿ, ಒತ್ತನ್ನು ಕೆಳಗೆ ಇಳಿಸುವುದು.

ಇನ್ನು ಮುಕ್ತ ವ್ಯವಸ್ಥೆಯ ಇತಿಹಾಸ. ರಿಚರ್ಡ್ ಸ್ಟಾಲ್‌ಮನ್ನರು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಘೋಷಿಸಿದರು. ತಂತ್ರಾಂಶದ ಮೂಲಪಾಠವನ್ನು ಯಾರಾದರೂ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಹಂಚಬಹುದು ಎಂಬುದು ಅದರ ನಿಬಂಧನೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು ಲಿನಕ್ಸ್ ಎಂಬ ತಿರುಳನ್ನು ಬರೆದನು. ಇವೆರಡೂ ಕೂಡಿ ಆದ ವ್ಯವಸ್ಥೆಯನ್ನು ಡೆಬಿಯನ್ ಮೊದಲಾದ ಬಳಗಗಳು 1993ರಿಂದ ಈಚೆಗೆ ಹಂಚುತ್ತಿರುವುವು. ಇದರಲ್ಲಿ ಭಾರತೀಯ ಲಿಪಿಗಳ ಜೋಡಣೆಯನ್ನು ಮೊದಲು ಪ್ಯಾಂಗೋ ಎಂಬ ಗ್ರಂಥಾಲಯವು ವಹಿಸಿತ್ತು. 2012ರಿಂದ ಆ ಕಾರ್ಯವು ಹಾರ್ಫ್‌ಬಜ್ ಎಂಬುದಕ್ಕೆ ಸೇರಿತು. ಕೇದಗೆ, ಮಲ್ಲಿಗೆ, ಲೋಹಿತ್, ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳೂ ಮುಕ್ತವಾಗಿ ದೊರೆತುವು. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವು ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಇದರಲ್ಲಿಯೂ ಸೇರಿದೆ. ಕನ್ನಡ, ಉರ್ದು, ಮರಾಠಿ ಮೂರೂ ನಡೆಯುವ ಆಳಂದದಂತಹ ಗಡಿಸೀಮೆಗೆ ಇದು ವಿಶೇಷವಾಗಿ ಒಪ್ಪುವುದು; ಎಡದಿಂದ ಬಲಕ್ಕೆ ಬರೆವ ಲಿಪಿಗಳೂ ಬಲದಿಂದ ಎಡಕ್ಕೆ ಬರೆವ ಲಿಪಿಯೂ ಒಂದೇ ಸ್ಥಾಪನೆಯಲ್ಲಿ ಒಟ್ಟಿಗೆ ಬಾಳುವುವು.

ಈಗ ನಮ್ಮ ಕಷ್ಟಕ್ಕೆ ಮರಳೋಣ. ವೈದ್ಯಶಾಸ್ತ್ರದಲ್ಲಿ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ರೋಗಪರೀಕ್ಷೆಗೆ ಐದು ಅಂಗಗಳು. ರೂಪವೊಂದನ್ನೇ ನೋಡಿ ಮದ್ದು ಕೊಡಬಾರದು. ಸಂದೇಹವಿದ್ದಲ್ಲಿ ಉಪಶಯದಿಂದ, ಎಂದರೆ ಒಂದನ್ನು ಬದಲಿಸಿ ಗುಣವನ್ನು ನೋಡುವುದರಿಂದ, ನಿಶ್ಚಯಿಸಬೇಕು. ಯಂತ್ರಕ್ಕೂ ಈ ನ್ಯಾಯವೇ ಸಲ್ಲುವುದು. ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ ಫಾಂಟಿನ ಅಭಾವ. ಕನ್ನಡ ಫಾಂಟನ್ನು ಸ್ಥಾಪಿಸಿದೊಡನೆ ಗುಣ. ಒತ್ತು ಕೆಳಗಿಳಿಯದೆ ‘ಮ್‌ಮ’ ಎಂದು ಬಿಡಿಯಾಗಿ ನಿಂತರೆ ಜೋಡಣೆಯ ದೋಷವೋ ಫಾಂಟಿನ ದೋಷವೋ ತಿಳಿಯದು. ಅದೇ ಕಡತವನ್ನು ಬೇರೆ ಫಾಂಟಿನಲ್ಲಿ ತೋರಿಸಿದರೆ ತಿಳಿಯುವುದು. ಕಿಟಕಿಗಳಿಲ್ಲದ ಕರಿಯ ತೆರೆಯಲ್ಲಿ ಕನ್ನಡವು ಕಾಣದಿದ್ದರೆ ಅದು ರೋಗವೇ ಅಲ್ಲ. ಆ ತೆರೆಗೆ ಹೆಚ್ಚೆಂದರೆ 512 ಆಕಾರಗಳು, ಜೋಡಣೆಯೂ ಇಲ್ಲ. ಆದರೆ ಯಾವ ಫಾಂಟಿನಲ್ಲಿಯೂ ‘ಜೇವಗಿರ್’ ಎಂದೇ ಕಂಡರೆ ದೋಷವು ಸಂಖ್ಯೆಗಳ ಸಾಲಿನಲ್ಲಿಯೇ ಇದೆ. ನಮ್ಮದು ಈ ಕಡೆಯ ಜಾತಿಯದು. ಹಳೆಯ ಕಡತದಲ್ಲಿ ಅರ್ಕಾವತ್ತು ಕಾಣುವ ಕ್ರಮದಲ್ಲಿ ಕೊನೆಗಿತ್ತು. ಪರಿವರ್ತಕವು ಅದನ್ನು ಇದ್ದಲ್ಲಿಯೇ ‘ರ್’ ಎಂದು ಬರೆದಿತ್ತು.

ತಂತ್ರಾಂಶದ ಮೂಲಪಾಠವು ಮುಕ್ತವಾಗಿದ್ದುದರಿಂದ ವಿದ್ಯಾರ್ಥಿಯು ಅದನ್ನು ತೆರೆದು ತಿದ್ದಿದನು: ಅರ್ಕಾವತ್ತು ಕಂಡರೆ ಹಿಂದಿನ ವ್ಯಂಜನದ ಮುಂದಕ್ಕೆ ಸಾಗಿಸತಕ್ಕದ್ದು. ‘ಜೇವರ್ಗಿ’ ಸರಿಯಾಯಿತು. ‘ಧರ್ಮ್ಮ’ವು ಮಾತ್ರ ‘ಧಮ್ರ್ಮ’ ಎಂದಾಯಿತು. ಆತನಿಗೆ ಆಶ್ಚರ್ಯ, ನಮಗೆ ಕಾರಣವು ಸ್ಪಷ್ಟ. ರೇಫದ ಪರವಾದ ವ್ಯಂಜನಕ್ಕೆ ದ್ವಿತ್ವವನ್ನು ಪಾಣಿನಿಯು ವಿಕಲ್ಪವಾಗಿ ವಿಧಿಸಿರುವನು. ನಮ್ಮ ಶಾಸನಗಳಲ್ಲಿ ಧರ್ಮ್ಮ, ಸರ್ವ್ವ, ಪೂರ್ವ್ವ ಎಂಬ ರೂಪಗಳೇ ಸಾಮಾನ್ಯ. ಈಗಿನ ಕನ್ನಡವನ್ನಷ್ಟೇ ಬಲ್ಲ ನಿಯಮವು ಒಂದು ವ್ಯಂಜನವನ್ನು ದಾಟಿ ನಿಲ್ಲುವುದು. ಇಲ್ಲಿ ರೇಫವು ಸಂಯುಕ್ತಾಕ್ಷರವನ್ನು ಸಂಪೂರ್ಣವಾಗಿ ದಾಟಬೇಕು. ನಾವು ವಿಧಿಯನ್ನು ಹೇಳಿದೆವು, ಆತನು ಬರೆದನು, ದೋಷವು ಹೋಯಿತು. ಯಂತ್ರವನ್ನು ಬಲ್ಲವನೊಬ್ಬನಿಂದಲೂ ಶಾಸ್ತ್ರವನ್ನು ಬಲ್ಲವನೊಬ್ಬನಿಂದಲೂ ಪ್ರತ್ಯೇಕವಾಗಿ ಆಗದ ಕಾರ್ಯವು, ಮೂಲಪಾಠವು ಇಬ್ಬರ ಮುಂದೆಯೂ ತೆರೆದಿದ್ದುದರಿಂದ, ಆಯಿತು.

ಆದರೆ ತಿದ್ದಲಾಗದ ನಷ್ಟವೊಂದು ಉಳಿಯಿತು. ಹಿಂದೆ ಬರೆದವನು ತನ್ನ ಫಾಂಟಿನಲ್ಲಿ ಸಿಕ್ಕದ ಱಕಾರಕ್ಕೆ ರಕಾರವನ್ನೂ, ೞಕಾರಕ್ಕೆ ಳಕಾರವನ್ನೂ ಹಾಕಿದ್ದನು. ‘ಆಳ್’ ಎಂದರೆ ಆಳುವುದು. ‘ಆೞ್’ ಎಂದರೆ ಮುಳುಗುವುದು. ಅರಸನು ಆಳಿದನೋ ಮುಳುಗಿದನೋ ಎಂಬುದನ್ನು ಸಂದರ್ಭವು ಹೇಳಬಹುದು, ಕಾಲವನ್ನು ಹೇಳಲಾರದು. ೞಕಾರವು ಬರಬರುತ್ತ ಕನ್ನಡದಿಂದ ಲೋಪವಾಗಿ, 13ನೆಯ ಶತಮಾನದ ಕೇಶಿರಾಜನು ಅದು ಬರುವ ಶಬ್ದಗಳನ್ನು ಪಟ್ಟಿಮಾಡಿ ತೋರಿಸಬೇಕಾಯಿತು. ಆದುದರಿಂದ ಕಲ್ಲಿನಲ್ಲಿ ೞ ಇದೆಯೋ ಳ ಇದೆಯೋ ಎಂಬುದು ಕಾಲನಿರ್ಣಯಕ್ಕೆ ಒಂದು ಸಾಧನ. ಆ ಸಾಧನವು ನಮ್ಮ ಕಡತದಲ್ಲಿ ಸದ್ದಿಲ್ಲದೆ ನಾಶವಾಗಿತ್ತು. ಯಾವ ಪರಿವರ್ತಕವೂ ಅದನ್ನು ತರಲಾರದು. ಕಲ್ಲಿಗೋ ಅದರ ಪಡಿಯಚ್ಚಿಗೋ ಮರಳಬೇಕು.

ಯುನಿಕೋಡಿನಲ್ಲಿ ಱಕಾರಕ್ಕೆ 3249, ೞಕಾರಕ್ಕೆ 3294 ಎಂಬ ಸ್ಥಾನಗಳಿವೆ. ವಿನೋದವೆಂದರೆ, ೞಕಾರಕ್ಕೆ ಅಲ್ಲಿ ಪ್ರಮಾದದಿಂದ ‘ಫ’ ಎಂಬ ಅರ್ಥದ ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಸಂಸ್ಥೆಯ ನಿಯಮವಾದುದರಿಂದ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿರುವರು. ಜಿಹ್ವಾಮೂಲೀಯ, ಉಪಧ್ಮಾನೀಯಗಳು 2006ರಲ್ಲಿಯೂ, ಹಳೆಯ ಶಾಸನಗಳ ನಕಾರಪೊಲ್ಲು 2021ರಲ್ಲಿಯೂ ಸೇರಿದುವು. ಲಿಪಿಯನ್ನು ಬಲ್ಲವರು ಕೇಳಿದಾಗ ಸ್ಥಾನವು ದೊರೆಯುವುದೆಂಬುದಕ್ಕೆ ಇವು ನಿದರ್ಶನ.

ಯಂತ್ರದ ದೇಹವನ್ನು ಕುರಿತು ಒಂದು ಮಾತು. ನಮ್ಮ ಹಳೆಯ ಯಂತ್ರದ ಕಡೆಯ ಕಡತಗಳಿಗೆಲ್ಲ ಅಸಂಭಾವ್ಯವಾದ ತೇದಿಗಳು ಬಿದ್ದಿದ್ದುವು. ಒಳಗಿನ ಗಡಿಯಾರವನ್ನು ನಡೆಸುವ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿಯು ಸತ್ತು, ಪ್ರತಿ ಸಾರಿಯೂ ಕಾಲವು ಹಿಂದಕ್ಕೆ ಹೋಗುತ್ತಲಿದ್ದಿತು. ಕೂಟಶಾಸನಗಳ ಮಿತಿಯನ್ನು ಶೋಧಿಸುವ ನಾವು ನಮ್ಮ ಕೋಣೆಯಲ್ಲಿಯೇ ಅಂಥವನ್ನು ಬೆಳೆಸಿದ್ದೆವು! ಅಲ್ಪ ಬೆಲೆಯ ಆ ಬ್ಯಾಟರಿಯನ್ನು ಬದಲಿಸುವುದೂ, ಬೇಸಿಗೆಗೆ ಮುನ್ನ ಪಂಖದ ಧೂಳನ್ನು ತೆಗೆಸುವುದೂ ಪಾಠರಕ್ಷಣೆಯ ಅಂಗಗಳೇ. 2025ರ ಅಕ್ಟೋಬರದಲ್ಲಿ ವಿಂಡೋಸ್ 10ಕ್ಕೆ ಸಾಮಾನ್ಯ ಪೋಷಣೆಯು ನಿಂತುದರಿಂದ ಹಳೆಯ ಯಂತ್ರಗಳು ಅನೇಕ ಶಾಲೆಗಳಲ್ಲಿ ಮೂಲೆಗೆ ಬೀಳಬಹುದು. ಅವುಗಳಲ್ಲಿ ಮುಕ್ತ ವ್ಯವಸ್ಥೆಯು ಇನ್ನೂ ಓಡುವುದು. 32 ಬಿಟ್ಟಿನ ಅತಿ ಹಳೆಯವುಗಳಿಗೆ ಮಾತ್ರ 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ನ್ನು ಸ್ಥಾಪಿಸಲಾಗದು. ಅವುಗಳಿಗೆ 12ನೆಯದೇ ಗತಿ. ಯಂತ್ರವನ್ನು ಬಿಸುಡುವ ಮೊದಲು ಅದರೊಳಗಿನ ಪಾಠವನ್ನು ಹೊರತೆಗೆಯುವುದು ಕರ್ತವ್ಯ.

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ಗಣಕದಲ್ಲಿ ಹಳಗನ್ನಡದ ದೋಷವು ಸಂಕೇತ, ಫಾಂಟು, ಜೋಡಣೆ ಎಂಬ ಮೂರು ಸ್ಥಾನಗಳಲ್ಲಿ ಒಂದರಲ್ಲಿರುವುದು, ಮುಕ್ತ ವ್ಯವಸ್ಥೆಯಲ್ಲಿ ಈ ಮೂರೂ ಪರೀಕ್ಷೆಗೆ ತೆರೆದಿರುವುವು, ಆದರೆ ಪರೀಕ್ಷಿಸಬೇಕಾದವರು ಲಿಪಿಜ್ಞರು. ಈ ಮೂರು ತಾಲೂಕುಗಳ ಅಧ್ಯಾಪಕರೂ, ಆಳಂದ ತಾಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ವಾಂಸರೂ ತಮ್ಮಲ್ಲಿರುವ ಹಳೆಯ ಕಡತಗಳನ್ನು ಯುನಿಕೋಡಿಗೆ ತಂದು, ರೇಫ, ಱ, ೞಗಳನ್ನು ಪಡಿಯಚ್ಚಿನೊಡನೆ ಒಂದೊಂದಾಗಿ ಹೋಲಿಸಿ, ಕಂಡ ದೋಷಗಳನ್ನು ಫಾಂಟಿನವರಿಗೂ ಜೋಡಣೆಯವರಿಗೂ ತಿಳಿಸುವುದಾದರೆ ಮಹೋಪಕಾರವಾಗುವುದು. ಕಲ್ಲು ಒಂಬೈನೂರು ವರ್ಷ ಕಾಪಾಡಿದ ೞಕಾರವನ್ನು ನಾವು ಹತ್ತು ವರ್ಷದಲ್ಲಿ ಕಳೆದೆವು. ಉಳಿದವರು ಕಳೆಯದಿರಲೆಂದು ಈ ಪ್ರಮಾದವನ್ನು ಮರೆಮಾಚದೆ ಬರೆದಿರುವೆವು. ಇದರಲ್ಲಿ ಸ್ಖಾಲಿತ್ಯಗಳಿದ್ದರೆ ವಿದ್ವಾಂಸರು ತಿದ್ದಬೇಕಾಗಿ ಪ್ರಾರ್ಥನೆ.