ಅಜಲು

ಅಜಲು ತುಳು ಮಾತು. ಇಂಥ ಮನೆತನಕ್ಕೆ ಇಂತಿಷ್ಟು ಊರು ಎಂದು ಹಿಂದಿನಿಂದ ಗೊತ್ತುಪಡಿಸಿದ ಸೇವೆಯ ಎಲ್ಲೆಗೆ ಆ ಹೆಸರು. ಭೂತ ಕಟ್ಟುವ ಪಂಬದ, ಪರವ, ನಲಿಕೆಯವರಿಗೆ ಅಜಲು ಒಂದು ಹಕ್ಕು. ಕೊರಗರ ಪಾಲಿಗೆ ಅದೇ ಪದ ಅವಮಾನವಾಯಿತು.

ಬಿಳಲಿನ ಬುಟ್ಟಿ ಹೆಣೆಯುವ, ಡೋಲು ಬಾರಿಸುವ ಈ ಜನರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದರು. ಮನೆಯವರ ರೋಗ, ಗಂಡಾಂತರಗಳು ಉಂಡವರಿಗೆ ದಾಟಿಹೋಗುತ್ತವೆಂಬ ನಂಬಿಕೆ! ಕಂಬಳದ ಹಿಂದಿನ ರಾತ್ರಿಯೆಲ್ಲ ಅವರು ಮಂಜಿನಲ್ಲಿ ಕೂತು ಡೋಲು ಬಾರಿಸಬೇಕಿತ್ತು. ಇದಕ್ಕೆ 'ಪನಿಕುಲ್ಲುನೆ' ಎನ್ನುತ್ತಾರೆ. ಕೋಣಗಳಿಗಿಂತ ಮೊದಲು ಅವರನ್ನೇ ಗದ್ದೆಯಲ್ಲಿ ಓಡಿಸುವುದೂ ಇತ್ತು. ಉಗುಳು ನೆಲಕ್ಕೆ ಬೀಳಬಾರದೆಂದು ಕೊರಳಿಗೆ ಅಂಡೆ ಕಟ್ಟಿಸಿದ್ದರಿಂದ ಒಂದು ಪಂಗಡಕ್ಕೆ ಅಂಡೆ ಕೊರಗರೆಂಬ ಹೆಸರೇ ಬಿತ್ತು. ಜನಾಂಗದ್ವೇಷ ಎಂದೊಡನೆ ನಾವು ಅಮೆರಿಕ, ದಕ್ಷಿಣ ಆಫ್ರಿಕಾಗಳನ್ನು ನೆನೆಯುತ್ತೇವೆ. ಅಷ್ಟು ದೂರ ನೋಡಬೇಕಾಗಿಲ್ಲ. ತುಳುನಾಡಿನ ಮಣ್ಣಿನಲ್ಲೇ ಅದು ಬೇರು ಬಿಟ್ಟಿತ್ತು.

ಈ ಪದ್ಧತಿಯನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ 2000ದ್ದು. ಪದದ ಅರ್ಥವನ್ನು ಅದು ಸರಿಯಾಗಿಯೇ ಹಿಗ್ಗಿಸಿದೆ: ಕೂದಲು, ಉಗುರು ಬೆರೆಸಿದ ಅನ್ನ, ಕಂಬಳದ ಓಟಗಳಷ್ಟೇ ಅಲ್ಲ, ಕೊರಗರಿಗೆ ಕೂಲಿ ಕೊಡದೆ ಅಥವಾ ಉಳಿದವರಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೂ ಅದು ಅಜಲೇ. ಸಮಾರಂಭಕ್ಕೆ ಡೋಲಿನವರನ್ನು ಕರೆಸುವವರು ಇದನ್ನು ನೆನಪಿಡಿ. ಬೇರೆ ವಾದ್ಯದವರಿಗೆ ಕೊಡುವಷ್ಟೇ ಸಂಭಾವನೆ ಕೊಡಿ, ಅದೇ ಪಂಕ್ತಿಯಲ್ಲಿ ಎಲೆ ಹಾಕಿ.